ಬಸ್ಸು ತೆಪ್ಪದಲ್ಲಿ, ನಾವು ದೋಣಿಯಲ್ಲಿ

ಬೊಲಿವಿಯಾದ ಕೋಪಕಬಾನಾ ಊರಿನಿಂದ ಲಾ ಪಾಜ್ ನಗರಕ್ಕೆ ಹೊರಟು ಒಂದು ಗಂಟೆ ಆಗಿರಬೇಕು, ಡ್ರೈವರ್ ಬಸ್ಸು ನಿಲ್ಲಿಸಿ ಎಲ್ಲರನ್ನೂ ಇಳಿಸಿದ. ನಮ್ಮ ಸ್ಪ್ಯಾನಿಷ್ ಅಷ್ಟಕ್ಕಷ್ಟೇ. ಟೀ ಕುಡಿಯೋಕೆ ಇರಬೇಕು ಅಂದುಕೊಂಡು ಬ್ಯಾಗು ಸೀಟಿನ ಮೇಲೇ ಬಿಟ್ಟು ಇಳಿದೆವು. ತಿರುಗಿ ನೋಡಿದರೆ ಬಸ್ಸು ನಿಧಾನಕ್ಕೆ ನೀರಿನ ಕಡೆ ಹೊರಟಿದೆ!

ಅದು ಬೊಲಿವಿಯಾದ ಟಿಕಿನಾ. ಟಿಟಿಕಾಕಾ ಸರೋವರ ಇಲ್ಲಿ ತೀರಾ ಕಿರಿದು, ಆಚೆ ದಡ ಒಂದು ಕಿಲೋಮೀಟರ್ ಕೂಡ ಇಲ್ಲ. ಆದರೆ ಸೇತುವೆ ಇಲ್ಲ. ನೀರು ದಾಟದೆ ಲಾ ಪಾಜ್‌ಗೆ ಹೋಗಬೇಕೆಂದರೆ ಪಕ್ಕದ ಪೆರು ದೇಶಕ್ಕೆ ಹೋಗಿ ಸುತ್ತಿ ಬರಬೇಕು. ಹಾಗಾಗಿ ಬಸ್ಸು, ಲಾರಿ, ಕಾರು ಎಲ್ಲವೂ ಮರದ ಹಲಗೆಯ ತೆಪ್ಪ ಹತ್ತುತ್ತವೆ. ಜನರಿಗೆ ಬೇರೆ ಮೋಟರ್ ದೋಣಿ, ನಾವು ಹೋದಾಗ ತಲೆಗೆ ಎರಡು ಬೊಲಿವಿಯಾನೋ ಇತ್ತು.

ನಾನು ಸಾಗರದವಳು. ಸಿಗಂದೂರಿಗೆ ಹೋಗುವಾಗ ಶರಾವತಿ ಹಿನ್ನೀರನ್ನು ಎಷ್ಟು ಸಲ ಲಾಂಚಿನಲ್ಲಿ ದಾಟಿದ್ದೇನೋ ಲೆಕ್ಕವಿಲ್ಲ. ಅಲ್ಲಿ 2025ರ ಜುಲೈಯಲ್ಲಿ ಸೇತುವೆ ಆಯಿತು. ಆದರೆ ಆ ಲಾಂಚಿನಲ್ಲಿ ಬಸ್ಸೂ ನಾವೂ ಒಟ್ಟಿಗೇ ಇರುತ್ತಿದ್ದೆವು, ಅಲ್ವಾ?

"ಏನ್ರೀ, ಪಾಸ್‌ಪೋರ್ಟು?"

"ನಿನ್ನ ಹತ್ರ ಇಲ್ವಾ?"

"ಬ್ಯಾಗಲ್ಲಿದೆ."

ಬಡ ದೇಶ, ಸಾಮಾನು ಹುಷಾರು ಅಂತ ಹೊರಡುವ ಮುಂಚೆ ಕಂಡವರೆಲ್ಲ ಹೇಳಿದ್ದರು. ಓಡಿದೆ. ಹತ್ತು ಹೆಜ್ಜೆಗೇ ಉಸಿರು ಕಟ್ಟಿತು. ಸಮುದ್ರಮಟ್ಟದಿಂದ 3,812 ಮೀಟರ್ ಮೇಲಿನ ಸರೋವರದ ದಡದಲ್ಲಿ ಓಡೋದು ಸುಲಭವಲ್ಲ. ಅಷ್ಟರಲ್ಲಿ ಒಬ್ಬ ಉದ್ದನೆಯ ಗಳದಿಂದ ದಡಕ್ಕೆ ಒತ್ತು ಕೊಟ್ಟು ತೆಪ್ಪ ತಳ್ಳಿಯಾಗಿತ್ತು.

ಇವರಿಗೆ ಆಗಲೂ ಇತಿಹಾಸ. ದಡದಲ್ಲಿದ್ದ ನೌಕಾಪಡೆಯ ಹುಡುಗರನ್ನು ತೋರಿಸಿ, "ನೋಡು, 1879ರಲ್ಲಿ ಶುರುವಾದ ಯುದ್ಧದಲ್ಲಿ ಚಿಲಿ ಇವರ ಕರಾವಳಿ ಪೂರ್ತಿ ಕಿತ್ತುಕೊಂಡಿತು. ಸಮುದ್ರ ಇಲ್ಲ, ನೌಕಾಪಡೆ ಮಾತ್ರ ಇಟ್ಟುಕೊಂಡಿದ್ದಾರೆ" ಅಂದರು. ಆ ಹುಡುಗರು ಪಾಸ್‌ಪೋರ್ಟು ಕೇಳಿದರೆ ಏನು ಮಾಡೋದು ಅನ್ನೋದು ನನ್ನ ಚಿಂತೆ. ಸದ್ಯ, ಕೇಳಲಿಲ್ಲ.

ದೋಣಿಯಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ. ತಲೆ ಮೇಲೆ ಗುಂಡು ಟೋಪಿ, ಎರಡು ಜಡೆ, ಬೆನ್ನಿಗೆ ಬಣ್ಣದ ಪಟ್ಟೆಯ ಬಟ್ಟೆಯಲ್ಲಿ ಕಟ್ಟಿದ ಗಂಟು. ನಾನು ತೆಪ್ಪದಿಂದ ಕಣ್ಣು ಕೀಳದ್ದನ್ನು ನೋಡಿ, "ತ್ರಾಂಕಿಲಾ" ಅಂದಳು. ಗಾಬರಿ ಬೇಡ ಅಂತ. ಗಂಟು ಬಿಚ್ಚಿ ಒಂದು ಹಿಡಿ ಬೇಯಿಸಿದ ಕಾಳು ಕೊಟ್ಟಳು. ಹೆಬ್ಬೆರಳಿನಷ್ಟು ದಪ್ಪ, ಸೊಗಡಿಲ್ಲದ ಅವರೆಕಾಳಿನ ಹಾಗೆ. ಸಿಪ್ಪೆ ಗಟ್ಟಿ. ಹಿತಕವರೆ ಮಾಡುವ ಅಭ್ಯಾಸದಲ್ಲಿ ಹಿತುಕಿದೆ, ಕಾಳು ಹಾರಿ ಸರೋವರಕ್ಕೆ ಬಿತ್ತು. ಅಜ್ಜಿ ಬಾಯಿ ತುಂಬ ನಕ್ಕಳು. ಅವಳು ಉಗುರಿನಿಂದ ತುದಿ ಸೀಳಿ, ಆಮೇಲೆ ಒತ್ತುತ್ತಿದ್ದಳು. ಕಲಿತೆ.

ನಾವು ಮೊದಲು ದಡ ಸೇರಿದೆವು. ತೆಪ್ಪ ಇನ್ನೂ ನಡುನೀರಲ್ಲಿ. ಹತ್ತಿರ ಬಂದಾಗ ಕಂಡಿತು, ಹಲಗೆಗಳ ಸಂದಿಯಲ್ಲಿ ನೀರು ಹೊಳೆಯುತ್ತಿದೆ. ಒಬ್ಬ ಕತ್ತರಿಸಿದ ಎಣ್ಣೆ ಡಬ್ಬದಿಂದ ಅದನ್ನು ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದಾನೆ, ಸುಮ್ನೆ ಅಂಗಳಕ್ಕೆ ನೀರು ಹಾಕುವವರ ಹಾಗೆ. ಮೇಲೆ ನಮ್ಮ ಬಸ್ಸು ಎಡಕ್ಕೂ ಬಲಕ್ಕೂ ತೂಗುತ್ತಿದೆ.

ಬ್ಯಾಗು ಇಟ್ಟಲ್ಲೇ ಇತ್ತು. ಇವರು ಎರಡೂ ಪಾಸ್‌ಪೋರ್ಟು ತೆಗೆದು ಅಂಗಿ ಜೇಬಿಗೆ ಹಾಕಿಕೊಂಡರು, ಲಾ ಪಾಜ್ ಬರುವವರೆಗೂ ಜೇಬಿನ ಮೇಲಿಂದ ಕೈ ತೆಗೆಯಲಿಲ್ಲ. ಅಲ್ಲಿ ಇಳಿದು ಬಸ್ಸು ಹೋದ ಮೇಲೆ ಗೊತ್ತಾಯಿತು, ಸ್ವೆಟರ್ ಸೀಟಿನ ಮೇಲೇ ಬಿಟ್ಟಿದ್ದಾರೆ.