ಎಲ್ಲ ಗೆರೆಯೂ ನನ್ನ ಹತ್ತಿರವೇ

ತರಗತಿಯಲ್ಲಿ ಚರ್ಚೆಯನ್ನು ಚೆನ್ನಾಗಿ ನಡೆಸುತ್ತೇನೆ ಎಂಬ ಜಂಬ ನನಗಿತ್ತು. ಓದಿಸುತ್ತಿದ್ದೆ, ಪ್ರಶ್ನೆ ಕೇಳುತ್ತಿದ್ದೆ, ಮಕ್ಕಳು ಕೈ ಎತ್ತುತ್ತಿದ್ದರು. ಒಂದು ದಿನ ಸಹೋದ್ಯೋಗಿಯೊಬ್ಬರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, "ನೋಡಿ ಹೇಳಿ" ಎಂದೆ. ಹೊಗಳಲಿ ಅಂತಲೇ ಕರೆದಿದ್ದೆ, ಸುಳ್ಳೇಕೆ.

ಪಾಠ ಮುಗಿದ ಮೇಲೆ ಒಂದು ಹಾಳೆ ಕೈಗಿಟ್ಟರು. ಒಬ್ಬೊಬ್ಬರಿಗೂ ಒಂದು ಚುಕ್ಕೆ, ಯಾರು ಯಾರ ಜೊತೆ ಮಾತಾಡಿದರೋ ಅವರ ನಡುವೆ ಒಂದು ಗೆರೆ. ಎಲ್ಲ ಗೆರೆಯೂ ನನ್ನ ಹತ್ತಿರವೇ ಬಂದು ನಿಂತಿತ್ತು. ಮಕ್ಕಳ ನಡುವೆ ಒಂದೂ ಇಲ್ಲ.

"ಮೇಡಂ, ಪ್ರಶ್ನೆನೂ ನಿಮ್ದೇ, ಉತ್ತರಾನೂ ನಿಮ್ದೇ. ಅವರಿಗೆ ಯೋಚನೆ ಮಾಡೋಕೆ ಬಿಡೋದೇ ಇಲ್ಲ."

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಇದನ್ನೇ ಲೆಕ್ಕ ಹಾಕಿದ್ದರು. ಪ್ರಶ್ನೆ ಕೇಳಿದ ಮೇಷ್ಟ್ರು ಕಾಯುವುದು ಸುಮಾರು 1 ಸೆಕೆಂಡು. ಅದನ್ನೇ 3 ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ನಾನು ಇದನ್ನು ಓದಿದ್ದೆ. ಓದಿಯೂ ಹೀಗೆ!

ಮುಂದಿನ ವಾರ ಮಕ್ಕಳನ್ನು ದುಂಡಗೆ ಕೂರಿಸಿದೆ. ಅರ್ಧ ಪುಟದ ಒಂದು ಬರಹ ಕೊಟ್ಟೆ. ಮೊಬೈಲ್ ಜಾಸ್ತಿ ನೋಡುವ ಮಕ್ಕಳಿಗೆ ಅಂಕ ಕಡಿಮೆ, ಆದ್ದರಿಂದ ಮೊಬೈಲೇ ಅಂಕ ಇಳಿಸುತ್ತದೆ ಎಂಬುದು ಅದರ ವಾದ. "ಇದನ್ನ ಒಪ್ತೀರಾ?" ಎಂದು ಕೇಳಿ ಬಾಯಿ ಮುಚ್ಚಿದೆ. ಮನಸ್ಸಲ್ಲೇ ಎಣಿಸಿದೆ. ಆ ಮೂರು ಸೆಕೆಂಡು ಎಷ್ಟು ಉದ್ದ ಅಂತೀರಿ!

"ಒಪ್ತೀವಿ ಮೇಡಂ, ತಜ್ಞರೇ ಹೇಳಿದ್ದಾರಲ್ಲ," ಎಂದ ಒಬ್ಬ.

"ಯಾವ ಸಾಲಲ್ಲಿದೆ?" ಆ ದಿನ ನನಗಿದ್ದದ್ದು ಇದೊಂದೇ ಪ್ರಶ್ನೆ.

ಹುಡುಕಿದ. "ತಜ್ಞರ ಪ್ರಕಾರ" ಅಂತಿದೆ, ಯಾವ ತಜ್ಞರು ಅಂತ ಇಲ್ಲ. ಪಕ್ಕದವಳು ನಕ್ಕಳು. ಆಮೇಲೆ ಅವಳೇ, ನನ್ನ ಕಡೆ ನೋಡದೆ, ಅವನಿಗೆ ಹೇಳಿದಳು: "ಅಂಕ ಕಡಿಮೆ ಬಂತು ಅಂತ ಬೇಜಾರಾಗಿ ಮೊಬೈಲ್ ಹಿಡಿದಿರಬಹುದಲ್ವಾ? ಯಾವುದು ಮೊದಲು ಅಂತ ಇದರಲ್ಲಿ ಎಲ್ಲಿದೆ?"

ಎರಡು ವಿಷಯ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ. ಇದನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ. ಈಗ ಅವಳಿಗೆ ಅದು ತಾನಾಗಿಯೇ ಹೊಳೆದಿತ್ತು. "ಶಭಾಷ್" ನಾಲಿಗೆ ತುದಿಗೆ ಬಂತು. ಹಾಗಂದರೆ ಸರಿ ಉತ್ತರ ಸಿಕ್ಕಿತು ಎಂದು ಎಲ್ಲರೂ ಪುಸ್ತಕ ಮುಚ್ಚುತ್ತಾರೆ. ನುಂಗಿಕೊಂಡೆ. ಗಲಾಟೆ ಹತ್ತು ನಿಮಿಷ ನಡೆಯಿತು. ಅರ್ಧ ಮಾತು ಬರಹ ಬಿಟ್ಟು ಎಲ್ಲೆಲ್ಲಿಗೋ ಹೋಯಿತು, ನಿಜ.

ಸಹೋದ್ಯೋಗಿ ಕೊಟ್ಟ ಎರಡನೇ ಹಾಳೆಯಲ್ಲಿ ಗೆರೆಗಳು ಸಿಕ್ಕುಸಿಕ್ಕಾಗಿದ್ದವು. ಎರಡು ಚುಕ್ಕೆಗಳಿಗೆ ಮಾತ್ರ ಒಂದೂ ಗೆರೆ ಇರಲಿಲ್ಲ. ಅವರಿಬ್ಬರು ಏನೂ ಓದಲಿಲ್ಲ ಅಂದುಕೊಂಡೆ. ಸಂಜೆ ಮಕ್ಕಳಿಗೆ ಕೊಟ್ಟಿದ್ದ ಬರಹದ ಹಾಳೆಗಳನ್ನು ಜೋಡಿಸುವಾಗ ಅವರಲ್ಲೊಬ್ಬಳದು ಸಿಕ್ಕಿತು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದಳು: "ಎಷ್ಟು ಮಕ್ಕಳನ್ನು ಕೇಳಿದರು?"