ಅಟ್ಟದ ಹೆಂಚು, ಹಳೆ ಬಂದರು
14 ಡಿಸೆಂಬರ್ 2024, ಶನಿವಾರ, ಮಂಗಳೂರು

ಮಲೆನಾಡಿನ ಸಾಗರದ ನಮ್ಮ ಮನೆಯ ಅಟ್ಟ ಹತ್ತಿ ತಲೆ ಎತ್ತಿದರೆ ಹೆಂಚಿನ ಅಡಿಯಲ್ಲಿ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865, ಮಂಗಳೂರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನ್‌ನವರ ಕಾರ್ಖಾನೆಯ ಹೆಂಚು. ಅಜ್ಜ ಇದ್ದಾಗ ನೆಂಟರು ಬಂದರೆ ಆ ಇಸವಿ ತೋರಿಸದೆ ಕಳಿಸುತ್ತಿರಲಿಲ್ಲ. 'ಸಿಪಾಯಿ ದಂಗೆ ಆಗಿ ಎಂಟೇ ವರ್ಷಕ್ಕೆ ಹಾಕಿದ ಮಾಡು ಇದು' ಅಂತ. ಆ ಹೆಂಚು ಹುಟ್ಟಿದ ಊರನ್ನು ಒಮ್ಮೆ ಸರಿಯಾಗಿ ನೋಡಬೇಕು ಅಂತ ತುಂಬಾ ದಿನದಿಂದ ಇತ್ತು.

ರಾತ್ರಿ ಬಸ್ಸು ಬೆಳಿಗ್ಗೆ ಐದಕ್ಕೆ ಇಳಿಸಿತು. ಚಿಕ್ಕಪ್ಪನ ಮಗ ಇಲ್ಲೇ ಕೆಲಸದಲ್ಲಿದ್ದಾನೆ. ಪಣಂಬೂರು ಬೀಚ್, ಆಮೇಲೆ ಮಾಲ್ ಅಂತ ಅವನು ಪ್ಲಾನ್ ಹಾಕಿಟ್ಟಿದ್ದ. ನಾನು ಹಳೆ ಬಂದರಿಗೆ ಹೋಗೋಣ ಅಂದೆ. 'ಅಲ್ಲಿ ಮೀನು ವಾಸನೆ ಬಿಟ್ಟು ಎಂತ ಉಂಟು ಮಾರಾಯ?' ಅಂದ. ಬಂದು ಎರಡು ವರ್ಷ ಆಗಿಲ್ಲ, ಮಾತು ಆಗಲೇ ಪೂರ್ತಿ ಮಂಗಳೂರಿನದು.

ವಾಸನೆ ಇದೆ, ಸುಳ್ಳಲ್ಲ. ಮೀನು ತಿನ್ನದ ಮನೆಯಲ್ಲಿ ಹುಟ್ಟಿದ ನನಗೆ ಮೀನು ಇಳಿಸುವ ಧಕ್ಕೆಯಲ್ಲಿ ಮೊದಲ ಹತ್ತು ನಿಮಿಷ ಕಷ್ಟವೇ ಆಯ್ತು. ನೆಲವೆಲ್ಲ ಐಸ್ ಕರಗಿದ ನೀರು, ಬುಟ್ಟಿ ಹೊತ್ತ ಹೆಂಗಸರು, ತುಳುವಿನಲ್ಲಿ ಜೋರು ಹರಾಜು. ಆಮೇಲೆ ಮೂಗು ಒಗ್ಗಿಹೋಯ್ತು. ಸ್ವಲ್ಪ ಆಚೆ ಸರಕಿನ ಮಂಜಿಗಳು ನಿಂತಿದ್ದವು, ಲಕ್ಷದ್ವೀಪಕ್ಕೆ ಹೋಗುವ ದೊಡ್ಡ ಹೊಟ್ಟೆಯ ಹಡಗುಗಳು. ದಡದಿಂದ ಮಂಜಿಗೆ ಒಂದೇ ಒಂದು ಹಲಗೆ. ಅದರ ಮೇಲೆ ಒಬ್ಬ ತಲೆ ಮೇಲೆ ಸಿಮೆಂಟ್ ಚೀಲ ಇಟ್ಟುಕೊಂಡು ನಡೆಯುತ್ತಿದ್ದ, ಹಲಗೆ ಬಾಗಿದಾಗಲೆಲ್ಲ ಒಂದು ಕ್ಷಣ ನಿಂತು, ಅದು ಮೇಲೆದ್ದ ಮೇಲೆ ಮುಂದಿನ ಹೆಜ್ಜೆ ಇಡುತ್ತಿದ್ದ. ಈರುಳ್ಳಿ, ಜಲ್ಲಿ, ತರಕಾರಿ, ಆ ದ್ವೀಪಗಳಿಗೆ ಎಲ್ಲ ಹೀಗೇ ಹೋಗಬೇಕು. ಮಳೆಗಾಲದಲ್ಲಿ ಮಂಜಿ ಹೊರಡುವುದಿಲ್ಲ.

ನೇತ್ರಾವತಿ, ಫಲ್ಗುಣಿ ಎರಡೂ ಸೇರಿ ಸಮುದ್ರಕ್ಕೆ ಬೀಳುವ ಅಳಿವೆ ಇಲ್ಲೇ ಹತ್ತಿರ. ಹೊಳೆಗಳು ತಂದ ಮರಳು ಅಳಿವೆ ಬಾಗಿಲಲ್ಲಿ ತುಂಬುತ್ತದೆ. ಹಾಗಾಗಿ ದೊಡ್ಡ ಹಡಗುಗಳು ಒಳಗೆ ಬರಲಾಗದೆ ದೂರದಲ್ಲೇ ಲಂಗರು ಹಾಕುತ್ತಿದ್ದವು, ಸರಕನ್ನು ದೋಣಿಯಲ್ಲಿ ಸಾಗಿಸಬೇಕಿತ್ತು. 1974ರಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಶುರುವಾದ ಮೇಲೆ ದೊಡ್ಡ ವ್ಯಾಪಾರ ಅತ್ತ ಹೋಯ್ತು.

ಬಂದರಿನ ಗಲ್ಲಿಗಳಲ್ಲಿ ಒಣಮೀನಿನ ಜೊತೆ ಅಡಿಕೆ ವಾಸನೆ. ಇದು ನಮ್ಮನೆ ವಾಸನೆ! 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅಂತ ಒಬ್ಬ ಯಹೂದಿ ವ್ಯಾಪಾರಿ, ಈಗಿನ ಟುನೀಷಿಯಾದ ಕಡೆಯವನು, ಈ ಊರಿನಲ್ಲಿ ಹದಿನೇಳು ವರ್ಷದಷ್ಟು ಇದ್ದ. ಕಂಚಿನ ಕೆಲಸದ ಕಾರ್ಖಾನೆ ಇಟ್ಟಿದ್ದ. ಇಲ್ಲಿಂದ ಏಡನ್‌ಗೆ ಕಾಳುಮೆಣಸು, ಕಬ್ಬಿಣ, ಅಡಿಕೆ ಎಲ್ಲ ಹಡಗು ಹತ್ತುತ್ತಿತ್ತು. ಅಶು ಎಂಬ ದಾಸಿಯನ್ನು 1132ರಲ್ಲಿ ಬಿಡುಗಡೆ ಮಾಡಿದ, ಅವಳೇ ಅವನ ಮಕ್ಕಳ ತಾಯಿ ಅನ್ನುತ್ತಾರೆ. ಅವನ ಕಾಗದಪತ್ರಗಳು ಕೈರೋದ ಹಳೆಯ ಸಿನಗಾಗ್ ಒಂದರಲ್ಲಿ ಸಿಕ್ಕವು. ಅವನ ಹೆಸರಿನ ಒಂದು ಬೋರ್ಡ್ ಕೂಡ ಇಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಚಿಕ್ಕಪ್ಪನ ಮಗ ಫೋನಿನಿಂದ ತಲೆ ಎತ್ತಿದ್ದು ಈ ಕತೆಗೆ ಮಾತ್ರ.

ಜೀನತ್ ಬಕ್ಷ್ ಮಸೀದಿಯನ್ನು ಹೊರಗಿನಿಂದಲೇ ನೋಡಿದೆವು, ನಮಾಜಿನ ಹೊತ್ತಾಗಿತ್ತು. ಪೋರ್ಚುಗೀಸರು 1568ರಲ್ಲಿ ಶುರು ಮಾಡಿದ ರೊಸಾರಿಯೊ ಚರ್ಚ್ ಅಲ್ಲಿಂದ ನಡೆದೇ ಹೋಗುವಷ್ಟು ಹತ್ತಿರ. ಬಾವುಟಗುಡ್ಡೆ ಹತ್ತುವಾಗ ಬೆವರು ಇಳಿದು ಎರಡು ಎಳನೀರು ಬೊಂಡ ಖಾಲಿಯಾಯ್ತು. ಡಿಸೆಂಬರ್ ಅಂತ ಹೇಳಿದರೆ ಈ ಊರು ಕೇಳುವುದಿಲ್ಲ. 1837ರಲ್ಲಿ ಅಮರ ಸುಳ್ಯದ ಕಡೆಯಿಂದ ಬಂದ ರೈತರು ಈಸ್ಟ್ ಇಂಡಿಯಾ ಕಂಪನಿಯವರನ್ನು ಓಡಿಸಿ ತಮ್ಮ ಬಾವುಟ ಹಾರಿಸಿದ್ದು ಈ ಗುಡ್ಡದ ಮೇಲೆ. ಪಕ್ಕದ ಅಲೋಶಿಯಸ್ ಚಾಪೆಲ್‌ನಲ್ಲಿ ಮೊಸ್ಕೆನಿ ಎಂಬ ಇಟಲಿಯ ಕ್ರೈಸ್ತ ಸಂನ್ಯಾಸಿ ಗೋಡೆ, ಮಾಡು ಎಲ್ಲ ಚಿತ್ರ ಬರೆದು ತುಂಬಿಸಿದ್ದಾನೆ. ಕುತ್ತಿಗೆ ನೋಯುವವರೆಗೂ ನೋಡಿದೆ. ಬಾಸೆಲ್ ಮಿಶನ್‌ನವರ ಹಳೆ ನೆಲೆಯಾದ ಬಲ್ಮಠಕ್ಕೆ ಹೋಗಲು ಹೊತ್ತು ಸಾಲಲಿಲ್ಲ, ಅದೊಂದು ಬೇಜಾರು. 1843ರಲ್ಲಿ ಅವರು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಊರಿಗೆ ಬಂದು ಆ ಕಡೆ ತಲೆ ಹಾಕದೆ ಹೋಗುವುದಾ?

ಸುಲ್ತಾನ್ ಬತ್ತೇರಿ ನಾನಂದುಕೊಂಡಿದ್ದಕ್ಕಿಂತ ತುಂಬಾ ಚಿಕ್ಕದು. ಯುದ್ಧದ ಹಡಗುಗಳು ಹೊಳೆಯೊಳಗೆ ನುಗ್ಗದಂತೆ ತಡೆಯಲು 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜು. ಮೇಲೆ ಹತ್ತಿ ತೋಪಿನ ಕಿಂಡಿಯಲ್ಲಿ ಕಣ್ಣಿಟ್ಟರೆ ಈಗ ಕಾಣುವುದು ತಣ್ಣೀರುಬಾವಿಗೆ ಜನ ದಾಟಿಸುವ ದೋಣಿ.

ಹೊಯ್ಗೆಬಜಾರಿಗೆ ಬರುವಾಗ ಸಂಜೆ. ಮುಚ್ಚಿಹೋದ ಒಂದು ಹೆಂಚಿನ ಕಾರ್ಖಾನೆಯ ಕಾಂಪೌಂಡ್ ಹೊರಗೆ ಹಳೆ ಹೆಂಚು ರಾಶಿ ಬಿದ್ದಿತ್ತು. ಮಗುಚಿ ಮಗುಚಿ ನೋಡಿದೆ. ಒಂದು ಕಪ್ಪಾಗಿ ಪಾಚಿ ಹಿಡಿದದ್ದು, ಒಂದರ ಅಂಚು ದಪ್ಪ, ಇನ್ನೊಂದು ನಿನ್ನೆ ಭಟ್ಟಿಯಿಂದ ತೆಗೆದಷ್ಟು ಕೆಂಪು. ಮೂರೂ ಬೇರೆ ಬೇರೆ ಕಾಲದವು ಅಂತ ನೋಡಿದರೇ ಗೊತ್ತಾಗುತ್ತದೆ, ಆದರೆ ಮೂರರ ಮೇಲೂ 1865! ಬೀಡಿ ಸೇದುತ್ತ ಕೂತಿದ್ದ ಅಜ್ಜ ಒಬ್ಬರು ನಕ್ಕರು. 'ಅದು ಹೆಂಚಿನ ವರ್ಷ ಅಲ್ಲ ಮಾರಾಯ್ರೆ, ಕಾರ್ಖಾನೆ ಶುರುವಾದ ವರ್ಷ. ಎಲ್ಲದಕ್ಕೂ ಅದೇ ಅಚ್ಚು.'

ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬ ಮಿಶನ್‌ನವನು ಹೊಳೆಬದಿಯ ಜೇಡಿಮಣ್ಣಿನಿಂದ ಹೆಂಚು ಮಾಡಲು ಶುರು ಮಾಡಿದ ವರ್ಷ ಅದು. ಆಮೇಲೆ ಇದೇ ಬಂದರಿನಿಂದ ಸಿಲೋನ್, ಬರ್ಮಾ, ಪೂರ್ವ ಆಫ್ರಿಕಾದವರೆಗೂ ಹೆಂಚು ಹೋಯ್ತು, ಘಟ್ಟ ಹತ್ತಿ ನಮ್ಮ ಮನೆಗೂ ಬಂತು. ಯಾವ ವರ್ಷ ಬಂತು ಅನ್ನುವುದು ಮಾತ್ರ ಈಗ ದೇವರಿಗೇ ಗೊತ್ತು.

ರೂಮಿಗೆ ಬಂದು ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಅಂಜಿಕೆ ಇತ್ತು.

'ಅದು ನಂಗೆ ಗೊತ್ತಿತ್ತೋ, ನಿನ್ನ ಅಜ್ಜನ ಎದುರು ಯಾರು ಹೇಳ್ತಾರೆ?' ಅಂದರು. 'ಅದಿರಲಿ, ಆ ರಾಶಿಯಲ್ಲಿ ಗಟ್ಟಿ ಇದ್ದದ್ದು ನಾಲ್ಕು ಕೊಡ್ತಾರಾ ಕೇಳು. ಕೊಟ್ಟಿಗೆ ಮಾಡಿನದ್ದು ಮಂಗ ಒಡೆದು ಹಾಕಿದೆ.'