ಜಾಗಟೆ ಬಾರಿಸಿದರೆ ಹೊಂಗೆ ಮರದ ಕೆಳಗೆ

ಆ ವಸತಿಗೃಹದಲ್ಲಿ ನಾನು ಮೊದಲು ನೋಡಿದ್ದು ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳನ್ನು. ಐದಿದ್ದವು. ಐದರ ಒತ್ತಡ ತೋರಿಸುವ ಮುಳ್ಳೂ ಹಸಿರು ಪಟ್ಟಿಯ ಮೇಲಿತ್ತು, ಐದರ ಮೇಲೂ ಆಯುಧಪೂಜೆಯ ಕುಂಕುಮ ಒಣಗಿತ್ತು. ಪಿನ್ ಎಳೆಯಲು ಯಾರಿಗೆ ಬರುತ್ತದೆ ಎಂದು ಕೇಳಿದೆ. ವಾರ್ಡನ್ ಅಡುಗೆಯಾಕೆಯ ಮುಖ ನೋಡಿದರು. ಅಡುಗೆಯಾಕೆ ತೋಟದವನ ಮುಖ ನೋಡಿದರು. ತೋಟದವನು ಸಿಲಿಂಡರಿನ ಮುಖ ನೋಡಿದ.

ತುಮಕೂರಿನ ಹೊರವಲಯದಲ್ಲಿ, ರಾಷ್ಟ್ರೀಯ ಹೆದ್ದಾರಿ 48ರ ಸದ್ದು ಕೇಳುವಷ್ಟು ಹತ್ತಿರ ಇರುವ ಮನೆ ಅದು. ಬೌದ್ಧಿಕ ಅಂಗವೈಕಲ್ಯವಿರುವ ಮೂವತ್ತೊಂದು ಮಂದಿ ಅಲ್ಲಿದ್ದಾರೆ. ಎಲ್ಲರೂ ವಯಸ್ಕರು, ಕೆಲವರ ತಂದೆತಾಯಿ ತೀರಿಹೋಗಿದ್ದಾರೆ, ಉಳಿದವರ ತಂದೆತಾಯಿಗೆ ನೋಡಿಕೊಳ್ಳುವ ಶಕ್ತಿ ಉಳಿದಿಲ್ಲ. ಇಂಥ ಸಂಸ್ಥೆಗಳಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ನೋಂದಣಿ ಕಡ್ಡಾಯ. ನವೀಕರಣದ ಸಮಯ ಬಂದಿತ್ತು. ವಾರ್ಡನ್ ನನ್ನ ಹಳೆಯ ಸಹೋದ್ಯೋಗಿಯ ತಂಗಿ. "ಅಧಿಕಾರಿಗಳು ಬರುವ ಮೊದಲು ನೀವೊಮ್ಮೆ ನೋಡಿ ಹೇಳಿ ಅಣ್ಣಾ, ವೈರಿಂಗ್ ಹಳೆಯದು" ಎಂದು ಕರೆದಿದ್ದರು. ಮೂವತ್ತನಾಲ್ಕು ವರ್ಷ ವಿದ್ಯುತ್ ಇಲಾಖೆಯಲ್ಲಿ ದುಡಿದವನು ನಾನು. ವೈರಿಂಗ್ ತಾನೇ, ಅರ್ಧ ದಿನದ ಕೆಲಸ ಎಂದುಕೊಂಡು ಟೆಸ್ಟರು, ತಂತಿಯ ಹೊದಿಕೆ ಗಟ್ಟಿಯಿದೆಯೇ ಎಂದು ಅಳೆಯುವ ಮೆಗ್ಗರು ಚೀಲಕ್ಕೆ ಹಾಕಿಕೊಂಡು ಹೋದೆ.

ವೈರಿಂಗ್ ಅರ್ಧ ದಿನದಲ್ಲೇ ಮುಗಿಯಿತು. ಒಂದು ತಪ್ಪು ಮಾತ್ರ ದೊಡ್ಡದಿತ್ತು. ಅಡುಗೆಮನೆಯ ಗ್ರೈಂಡರ್ ಹಾಕಿದಾಗಲೆಲ್ಲ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್, ಬೀಳುತ್ತದೆ ಎಂದು ಯಾವನೋ ಎಲೆಕ್ಟ್ರಿಷಿಯನ್ ಅದನ್ನು ಬದಿಗಿಟ್ಟು ನೇರವಾಗಿ ತಂತಿ ಜೋಡಿಸಿದ್ದ. 30 ಮಿಲಿ ಆಂಪಿಯರ್ ಸೋರಿದರೆ ಬೀಳಬೇಕಾದದ್ದೇ ಅದರ ಕೆಲಸ, ಕೆಟ್ಟಿದ್ದದ್ದು ಗ್ರೈಂಡರ್. ಬೊಗಳುವ ನಾಯಿಯ ಬಾಯಿ ಕಟ್ಟಿ ಕಳ್ಳನನ್ನು ಒಳಗೆ ಬಿಟ್ಟುಕೊಂಡಂತೆ. ಇದನ್ನು ನಾನು ನೂರಾರು ಮನೆಗಳಲ್ಲಿ ಕಂಡಿದ್ದೇನೆ, ಬೈದಿದ್ದೇನೆ. ಅಲ್ಲಿಯೂ ಬೈದೆ.

ಆಮೇಲೆ ಮುಖ ತೊಳೆಯಲೆಂದು ಬಚ್ಚಲುಮನೆಗೆ ಹೋದೆ. ನಲ್ಲಿ ತಿರುಗಿಸಿದವನು ಕೈಯನ್ನು ಥಟ್ಟನೆ ಎಳೆದುಕೊಂಡೆ. ಸೋಲಾರ್ ನೀರು. ಅಡುಗೆಮನೆಯಿಂದ ಥರ್ಮಾಮೀಟರ್ ತರಿಸಿ ಅದ್ದಿದರೆ 63 ಡಿಗ್ರಿ. 60 ಡಿಗ್ರಿಯ ನೀರು ಚರ್ಮವನ್ನು ಆಳವಾಗಿ ಸುಡಲು ಐದಾರು ಸೆಕೆಂಡು ಸಾಕು. ನಾನು ಕೈ ಎಳೆದುಕೊಂಡೆ. ಇಲ್ಲಿರುವ ಕೆಲವರು ಎಳೆದುಕೊಳ್ಳುವುದಿಲ್ಲ, ಸುಟ್ಟಿತು ಎಂದು ಹೇಳಲು ಮಾತಿಲ್ಲದವರೂ ಇದ್ದಾರೆ. ಬ್ರಿಟನ್ನಿನ ಆರೈಕೆ ಮನೆಗಳಲ್ಲಿ ಸ್ನಾನದ ತೊಟ್ಟಿಗೆ ಬರುವ ನೀರು 44 ಡಿಗ್ರಿ ಮೀರಬಾರದು ಎಂಬ ಮಿತಿಯಿದೆ. ಇಲ್ಲಿ ಆಯಾ ಮೊಣಕೈ ಅದ್ದಿ ನೋಡಿ, ಬಕೆಟ್ಟಿನಲ್ಲಿ ಬೆರೆಸಿ, ಆಮೇಲೇ ಒಬ್ಬೊಬ್ಬರನ್ನು ಕರೆಯುತ್ತಾರಂತೆ. ಮೊಣಕೈ ಒಳ್ಳೆಯ ಅಳತೆಗೋಲೇ. ಆದರೆ ಆಯಾ ರಜೆ ಹಾಕಿದ ದಿನ ಮೊಣಕೈಯೂ ರಜೆ. ನೀರು ಬೆರೆಸಿಕೊಡುವ ವಾಲ್ವ್ ಹಾಕಿಸಿ ಎಂದು ಬರೆದುಕೊಂಡೆ. ಬಚ್ಚಲಿನ ಬಾಗಿಲು ಒಳಕ್ಕೆ ತೆರೆಯುತ್ತಿತ್ತು, ಚಿಲಕವೂ ಒಳಗೇ. ಒಂಬತ್ತು ಮಂದಿಗೆ ಮೂರ್ಛೆರೋಗವಿದೆ. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾದರೆ ತಳ್ಳುವುದು ಹೇಗೆ? ಅದನ್ನೂ ಬರೆದುಕೊಂಡೆ. ಅರ್ಧ ದಿನದ ಕೆಲಸ ಹೀಗೆ ಉದ್ದವಾಯಿತು.

ಮಧ್ಯಾಹ್ನ ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು. ನನ್ನೆದುರು ಕುಳಿತಿದ್ದ ಯುವಕನ ತಟ್ಟೆಯಲ್ಲಿ ಮಾತ್ರ ಮುದ್ದೆ ಇರಲಿಲ್ಲ. ಅದೇ ರಾಗಿಯನ್ನು ಸಾರಿನಲ್ಲಿ ಕಲಸಿ ತೆಳ್ಳಗೆ ಮಾಡಿಕೊಟ್ಟಿದ್ದರು. "ಮುದ್ದೆ ನುಂಗುವುದಲ್ಲವೇ ಸಾರ್, ಇವನಿಗೆ ನುಂಗುವಾಗ ಕೆಮ್ಮು ಬರುತ್ತದೆ. ಒಣ ಇಡ್ಲಿಯನ್ನೂ ಕೊಡುವುದಿಲ್ಲ" ಎಂದರು ಅಡುಗೆಯಾಕೆ. ಇಂಥವರು ಯಾರು ಯಾರು ಎಂದು ಕೇಳಿದಾಗ ಬೆರಳು ಮಡಿಸುತ್ತಾ ನಾಲ್ಕು ಜನರನ್ನು ಹೇಳಿದರು. ಕಚೇರಿಯ ರಿಜಿಸ್ಟರ್ ತೆಗೆಸಿ ನೋಡಿದೆ. ಮೂವತ್ತೊಂದು ಹೆಸರುಗಳ ಎದುರೂ 'ಸಾಮಾನ್ಯ ಆಹಾರ' ಎಂದೇ ಇತ್ತು.

ಇಷ್ಟೆಲ್ಲ ಸರಿಪಡಿಸಬಹುದಾದದ್ದು. ನನ್ನನ್ನು ನಿಜವಾಗಿ ಕಾಡಿದ್ದು ಮುಂಬಾಗಿಲಿನ ಮಡಿಚುವ ಕಬ್ಬಿಣದ ಗೇಟು. ರಾತ್ರಿ ಎಂಟೂವರೆಗೆ ಅದಕ್ಕೆ ಬೀಗ ಬೀಳುತ್ತದೆ. ಬೀಗದ ಕೈ ರಾತ್ರಿಯ ಆಯಾಳ ಸೊಂಟದಲ್ಲಿ. ಹಿಂಬಾಗಿಲಿನ ಬೀಗದ ಕೈಯೂ ಅದೇ ಗೊಂಚಲಿನಲ್ಲಿ.

ತಮಿಳುನಾಡಿನ ಎರವಾಡಿಯಲ್ಲಿ 2001ರ ಆಗಸ್ಟ್ 6ರ ಬೆಳಗಿನ ಜಾವ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಚಪ್ಪರಕ್ಕೆ ಬೆಂಕಿ ಬಿತ್ತು. ಇಪ್ಪತ್ತೆಂಟು ಮಂದಿ ಸತ್ತರು. ಅವರಿಗೆ ಸರಪಳಿ ಹಾಕಲಾಗಿತ್ತು. ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೂ ಸರಪಳಿಯನ್ನು ಯಾವ ರೂಪದಲ್ಲೂ ನಿಷೇಧಿಸಿದೆ. ಎರವಾಡಿಯ ಬೆಂಕಿಯಾದಾಗ ಪತ್ರಿಕೆಯಲ್ಲಿ ಬಂದ ಚಿತ್ರ ಇನ್ನೂ ನನ್ನ ಕಣ್ಣಿನಿಂದ ಹೋಗಿಲ್ಲ. ಈ ಮನೆಗೂ ಆ ಚಪ್ಪರಕ್ಕೂ ಹೋಲಿಕೆಯೇ ಇಲ್ಲ, ನಿಜ. ಇಲ್ಲಿ ಪ್ರೀತಿಯಿದೆ, ಬಿಸಿ ಊಟವಿದೆ, ಪ್ರತಿಯೊಬ್ಬರ ಹಾಸಿಗೆಗೂ ಸ್ವಂತ ಹೊದಿಕೆಯಿದೆ. ಆದರೂ ಹೊರಗೆ ಹೋಗುವ ಬಾಗಿಲು ಒಳಗಿನವರಿಗೆ ಬೀಗದ ಕೈ ಇಲ್ಲದೆ ತೆರೆಯಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನಾನು ಅದನ್ನೇ ಹೇಳಿದೆ, ಸ್ವಲ್ಪ ಗಡಸಾಗಿಯೇ.

ವಾರ್ಡನ್ ಸುಮ್ಮನೆ ಕೇಳಿಸಿಕೊಂಡರು. "ಮೂರು ವರ್ಷದ ಹಿಂದೆ ಒಂದು ರಾತ್ರಿ ಗೇಟು ಮರೆತಿದ್ದೆವು ಅಣ್ಣಾ. ಹುಡುಗನೊಬ್ಬ ಹೆದ್ದಾರಿಯ ಡಿವೈಡರ್ ಮೇಲೆ ಕುಳಿತು ಲಾರಿಗಳನ್ನು ಎಣಿಸುತ್ತಿದ್ದ. ನಾನೇ ಹೋಗಿ ಕರೆತಂದೆ. ಬೆಂಕಿ ಎಂದೋ ಒಂದು ದಿನ ಬೀಳಬಹುದು. ಲಾರಿಗಳು ದಿನವೂ ಓಡುತ್ತವೆ."

ಉತ್ತರ ಹೊಳೆಯಲಿಲ್ಲ. ಕರೆಂಟ್ ಹೋದರೆ ತಾನಾಗಿ ಬಿಟ್ಟುಕೊಳ್ಳುವ ಅಯಸ್ಕಾಂತದ ಬೀಗ ಹಾಕಬಹುದು ಎಂದೆ. ಹೇಳಿ ಮುಗಿಸುವ ಮೊದಲೇ ನನಗೇ ನಗು ಬಂತು. ಅಲ್ಲಿಗೆ ಕರೆಂಟ್ ತರುವ ಫೀಡರ್ ಲೈನಿನಲ್ಲಿ ರಾತ್ರಿ ಎಷ್ಟು ಸಲ ಕರೆಂಟ್ ಹೋಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಬೆಂಕಿ ಬಿದ್ದಂತೆ ಒಮ್ಮೆ ಮನೆ ಖಾಲಿ ಮಾಡಿಸಿ ನೋಡೋಣ ಎಂದದ್ದಕ್ಕೆ ವಾರ್ಡನ್ ಕೊನೆಗೆ ಒಪ್ಪಿದರು. ನಡುರಾತ್ರಿ ಬೇಡವೆಂದರು, ನಿದ್ದೆಗೆಟ್ಟರೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎಲ್ಲರೂ ಮಲಗುವ ಹೊತ್ತಿಗೆ, ಒಂಬತ್ತೂಕಾಲಕ್ಕೆ, ನಾನು ತಂದಿದ್ದ ಬ್ಯಾಟರಿ ಸೈರನ್ ಒತ್ತಿದೆ. ಇಬ್ಬರು ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರಿಬಿಟ್ಟರು. ಒಬ್ಬಳು ಅಳತೊಡಗಿದಳು. ತಪ್ಪು ನನ್ನದೇ, ತಕ್ಷಣ ನಿಲ್ಲಿಸಿದೆ. ಎಲ್ಲರಿಗೂ ಪರಿಚಯದ ಸದ್ದು ಬೇಕು ಎಂದು ತೋಟದವನು ಊಟದ ಗಂಟೆ, ಅಂದರೆ ನೇತುಹಾಕಿದ ರೈಲು ಕಂಬಿಯ ತುಂಡು, ಬಾರಿಸಿದ. ಈಗ ಎಲ್ಲರೂ ಎದ್ದರು. ಸಾಲಾಗಿ, ಶಿಸ್ತಾಗಿ, ನೇರವಾಗಿ ಊಟದ ಮನೆಗೆ ನಡೆದರು. ಅಡುಗೆಮನೆಯ ಗೋಡೆಗೆ ಅಂಟಿಕೊಂಡಿರುವ ಊಟದ ಮನೆಗೆ, ಎರಡು ಗ್ಯಾಸ್ ಸಿಲಿಂಡರುಗಳ ಪಕ್ಕಕ್ಕೆ. ಕುಳಿತು ತಟ್ಟೆಗೆ ಕಾದರು.

ಆಗ ಆಯಾ, "ಸಾರ್, ಜಾಗಟೆ" ಎಂದರು. ಪ್ರತಿ ಸಂಜೆ ಅಂಗಳದ ಹೊಂಗೆ ಮರದ ಕೆಳಗೆ ಭಜನೆ ನಡೆಯುತ್ತದೆ. ಜಾಗಟೆ ಬಾರಿಸಿದರೆ ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ಸೈರನ್ನಿಗೆ ಕಿವಿ ಮುಚ್ಚಿಕೊಂಡವರೂ ಜಾಗಟೆಯ ಸದ್ದನ್ನು ತಡೆದುಕೊಳ್ಳುತ್ತಾರಂತೆ. ಬಾರಿಸಿದರು. ಮಂಚದ ಕೆಳಗಿನವರೂ ಹೊರಬಂದರು. ಮೂವತ್ತೊಂದು ಜನರೂ ಗೇಟಿನ ಮುಂದೆ ಬಂದು ನಿಂತರು. ಬೀಗದ ಕೈ ಗೊಂಚಲು ಆಯಾಳ ಸೊಂಟದಲ್ಲಿರಲಿಲ್ಲ. ಮೇಲಿನ ಮಹಡಿಯಲ್ಲಿ ಅಳುತ್ತಿದ್ದವಳನ್ನು ಸಮಾಧಾನಪಡಿಸಲು ಅವಳ ಕೈಗೇ ಅದನ್ನು ಆಡಲು ಕೊಟ್ಟಿದ್ದರಂತೆ. ಅವಳೋ ಅದನ್ನು ದಿಂಬಿನ ಕೆಳಗೆ ಬಚ್ಚಿಟ್ಟು ಇಳಿದು ಬಂದಿದ್ದಳು.

ಎಲ್ಲರೂ ಹುಡುಕಾಡುತ್ತಿದ್ದಾಗ ಐವತ್ತೈದರ ಆಸುಪಾಸಿನ, ಸದಾ ಮಂಕಿ ಟೋಪಿ ಹಾಕಿರುವ ಒಬ್ಬರು ಗುಂಪಿನಿಂದ ಮುಂದೆ ಬಂದರು. ಗೇಟಿನ ಎಡಬದಿಯ ಕೆಳಗೆ ಕಾಲಿಟ್ಟು, ಎರಡೂ ಕೈಗಳಿಂದ ಮೇಲೆತ್ತಿ ಹಿಂದಕ್ಕೆ ತಳ್ಳಿದರು. ಗಾಲಿ ಹಳಿಯಿಂದ ಜಾರಿತು. ಒಬ್ಬ ಮನುಷ್ಯ ಅಡ್ಡವಾಗಿ ನುಸುಳುವಷ್ಟು ಸಂದು. ಅವರು ನುಸುಳಿ ಹೊರಗೆ ಹೋಗಿ, ಮರದ ಕೆಳಗೆ ತಮ್ಮ ಜಾಗದಲ್ಲಿ ಕುಳಿತರು.

ವಾರ್ಡನ್ ಮುಖ ಬಿಳಿಚಿಕೊಂಡಿತ್ತು. "ಇದು ಯಾವಾಗಿನಿಂದ ಅಣ್ಣಾ?" ಎಂದು ಅವರನ್ನು ಕೇಳಿದರು. ಅವರು ಹೆದ್ದಾರಿಯ ದಿಕ್ಕಿಗೆ ಕೈ ತೋರಿಸಿ, "ಟೀ" ಎಂದರು. ಮರುದಿನ ಟೀ ಅಂಗಡಿಯವನನ್ನು ವಿಚಾರಿಸಿದೆ. ಬೆಳಿಗ್ಗೆ ಐದೂವರೆಗೆ ಬರುತ್ತಾರೆ, ರಸ್ತೆಯ ಈ ಬದಿಯಲ್ಲೇ ನಿಂತು ಕುಡಿಯುತ್ತಾರೆ, ದಾಟುವುದಿಲ್ಲ, ಲೆಕ್ಕ ಬರೆಸುತ್ತಾರೆ, ಎರಡು ವರ್ಷವಾಯಿತು ಎಂದ. ಲೆಕ್ಕವನ್ನು ಯಾರು ತೀರಿಸಬೇಕು ಎಂದೂ ಕೇಳಿದ.

ವರದಿ ನಾಲ್ಕು ಪುಟವಾಯಿತು. ಗೇಟಿನ ಗಾಲಿಯ ವಿಷಯ ಬರೆಯುವಾಗ ಮಾತ್ರ ಪೆನ್ನು ತಡೆಯಿತು, ಆದರೂ ಬರೆದೆ. ಬೀಗ ತೆಗೆದು ಒಳಗಿನಿಂದ ಕೈಯಲ್ಲೇ ತಿರುಗಿಸಿ ತೆರೆಯುವ ಅಗುಳಿ ಹಾಕಿಸಿದೆವು. ಗೇಟು ಸರಿದರೆ ಆಯಾಳ ಕೋಣೆಯಲ್ಲಿ ಗಂಟೆ ಹೊಡೆಯುವಂತೆ ಬ್ಯಾಟರಿಯ ಸಣ್ಣದೊಂದು ಸ್ವಿಚ್ ನಾನೇ ಕೂರಿಸಿದೆ. ರಾತ್ರಿಗೆ ಎರಡನೆಯ ಆಯಾ ಬೇಕೆಂದು ಬರೆದದ್ದಕ್ಕೆ ಹಣ ಹೊಂದಿಸಲು ಟ್ರಸ್ಟಿನವರಿಗೆ ಐದು ತಿಂಗಳು ಹಿಡಿಯಿತು. ಅಂಗಳದ ಸುತ್ತ ಬೇಲಿ ಇನ್ನೂ ಅರ್ಧದಲ್ಲೇ ಇದೆ.

ವಾಲ್ವ್ ಹೇಗಿದೆ ನೋಡಲೆಂದು ಈಚೆಗೆ ಹೋದವನು ರಾತ್ರಿ ಅಲ್ಲಿಯೇ ಉಳಿದೆ. ಬೆಳಿಗ್ಗೆ ಇನ್ನೂ ಕತ್ತಲಿರುವಾಗಲೇ ಆಯಾಳ ಕೋಣೆಯ ಗಂಟೆ ಬಡಿದುಕೊಂಡಿತು. ನಾನು ಗಾಬರಿಯಾಗಿ ಎದ್ದು ಬಂದೆ. ಆಯಾ ಆಗಲೇ ಶಾಲು ಹೊದ್ದು ಚಪ್ಪಲಿ ಮೆಟ್ಟುತ್ತಿದ್ದರು.

"ಏನಿಲ್ಲ ಸಾರ್, ಐದೂಕಾಲಾಯಿತು. ಅಣ್ಣ ಟೀಗೆ ಹೊರಟರು. ನಿಮಗೂ ತರಲೇ?"